ಎಡಚಿಯ ಎಡಗಾಲು

ಧಡ್. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಸುಮ್ಮನೆ. ಮತ್ತೆ ಧಡ್.

ಮನೆಯ ಹಿಂದಿನ ಗೋಡೆಯಾಚೆ, ಶೆಡ್ಡಿನಲ್ಲಿ, ಯಾರೋ ಬೆಳಿಗ್ಗೆ ಏಳಕ್ಕೇ ಚೆಂಡು ಒದೆಯುತ್ತಿದ್ದರು. ಚೆಂಡು ಹಲಗೆಗೆ ಬಡಿದಾಗಲೆಲ್ಲ ಅಡುಗೆಮನೆಯ ಗೂಡಿನಲ್ಲಿ ಬೋರಲು ಹಾಕಿದ್ದ ಲೋಟಗಳು ಒಂದಕ್ಕೊಂದು ತಾಕಿ ಸಣ್ಣಗೆ ನಡುಗುತ್ತಿದ್ದವು. ಎಡಚಿ ಹಾಸಿಗೆಯಿಂದ ಏಳದೆ ಕೇಳಿದಳು. ಬಲಗಾಲು. ಬಲಗಾಲು. ಮತ್ತೆ ಬಲಗಾಲೇ, ಆದರೆ ಈ ಸಲ ಪಾದದ ಒಳಮಗ್ಗುಲಿನಿಂದ. ಹೊಸ ಹುಡುಗಿ ಇರಬೇಕು. ಹಳಬರು ಇಷ್ಟು ಬೇಗ ಎದ್ದು ಬರುವುದಿಲ್ಲ, ಬಂದರೂ ಇಷ್ಟು ಜೋರಾಗಿ ಒದೆಯುವುದಿಲ್ಲ. ಅಷ್ಟರಲ್ಲಿ ಒಂದು ಸಲ ಧಡ್ ಎನ್ನುವ ಬದಲು ದಪ್ ಎಂದಿತು. ಲೋಟಗಳು ಅಲುಗಲಿಲ್ಲ.

"ಹನ್ನೊಂದನೇದು," ಎಂದರು ಹೊರಕೋಣೆಯಿಂದ ಅಪ್ಪ.

"ಹೂಂ."

"ಈ ವಾರ ಅದರ ಬೆನ್ನಿಗೆ ಪಟ್ಟಿ ಹೊಡೀಬೇಕು."

"ಹತ್ತು ವರ್ಷದಿಂದ ಇದನ್ನೇ ಹೇಳ್ತಿದ್ದೀರಪ್ಪ."

"ಹೇಳೋದ್ರಲ್ಲಿ ನಾನು ಯಾವತ್ತಾದ್ರೂ ತಪ್ಪಿದ್ದೀನಾ?"

ಅಪ್ಪ ಶೆಡ್ಡಿನ ಬಡಗಿ. ಶೆಡ್ಡಿನ ಮಾಡಿನ ಕೆಳಗೆ ಆಡುವ ಒಳಗಿನ ಫುಟ್‌ಬಾಲ್ ಆಟಕ್ಕೆ ಅಂಕಣದ ಸುತ್ತ ಸೊಂಟಮಟ್ಟದ ಹಲಗೆಗಳನ್ನು ನಿಲ್ಲಿಸಿರುತ್ತಾರೆ. ಚೆಂಡು ಹೊರಗೆ ಹೋಗುವ ಮಾತೇ ಇಲ್ಲ, ಹಲಗೆಗೆ ಬಡಿದು ತಿರುಗಿ ಬರುತ್ತದೆ, ಆಟ ನಡೆಯುತ್ತಲೇ ಇರುತ್ತದೆ. ಒಟ್ಟು ಐವತ್ತೆರಡು ಹಲಗೆ. ಒಡೆದದ್ದನ್ನು ಕೂಡಿಸುವುದು, ಸಡಿಲಾದದ್ದನ್ನು ಬಿಗಿ ಮಾಡುವುದು, ನೆಂದದ್ದನ್ನು ಕಿತ್ತು ಹೊಸದು ಹಾಕುವುದು ಅಪ್ಪನ ಕೆಲಸ. ಗರಗಸದ ಸದ್ದಿಗೆ ಒಂದು ಕಿವಿ ಹೋಗಿದೆ. ಇನ್ನೊಂದು ಕಿವಿಯನ್ನು ಹಲಗೆಗೆ ಹಚ್ಚಿ, ಬೆರಳ ಗೆಣ್ಣಿನಿಂದ ಟಕಟಕ ಬಡಿದು, ಒಳಗೆ ಎಲ್ಲಿ ಟೊಳ್ಳಾಗಿದೆ ಎಂದು ಹೇಳಿಬಿಡುತ್ತಾರೆ. ಕೆಟ್ಟ ಹಲಗೆಯ ಬೆನ್ನಿಗೆ ನೀಲಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಾರೆ, ಯಾರೂ ನಂಬಿ ಒರಗಬಾರದೆಂದು. ಹನ್ನೊಂದನೆಯ ಹಲಗೆಗೆ ಮಾತ್ರ ಆ ಗೆರೆ ಬಿದ್ದಿರಲಿಲ್ಲ. ಅದು ಸತ್ತ ಹಲಗೆ. ಚೆಂಡು ಬಡಿದರೆ ತಿರುಗಿ ಬರದೆ ಅದರ ಕಾಲಬುಡದಲ್ಲೇ ಬಿದ್ದುಬಿಡುತ್ತಿತ್ತು.

ಎಡಚಿ ಎದ್ದು ಕುಳಿತು ಕಾಲು ಇಳಿಬಿಟ್ಟಳು. ಬಲಗಾಲಿಗೆ ನೆಲ ತಣ್ಣಗೆ ತಾಕಿತು. ಎಡಗಾಲು ನೆಲ ಮುಟ್ಟಿತೋ ಇಲ್ಲವೋ ಎಂದು ಬಗ್ಗಿ ನೋಡಿದಳು. ಮುಟ್ಟಿತ್ತು. ಕಂಪನಿಯ ಕಾಗದಕ್ಕೆ ಸಹಿ ಹಾಕಲು ಇನ್ನು ನಾಲ್ಕು ದಿನ ಉಳಿದಿತ್ತು. ಸಹಿ ಹಾಕಿದರೆ ಇನ್ನೊಂದು ವರ್ಷದ ಆಟ. ಆ ಕಾಗದದ ಮೂರನೆಯ ಸಾಲಿನಲ್ಲಿ, ನನ್ನ ಮೈಯಲ್ಲಿ ಮುಚ್ಚಿಟ್ಟ ಯಾವ ಪೆಟ್ಟೂ ಇಲ್ಲ ಎಂದು ಬರೆದಿರುತ್ತದೆ.

ಅವಳು ಆಟಗಾರ್ತಿಯಾದದ್ದು ಆಡಬೇಕೆಂಬ ಆಸೆಯಿಂದಲ್ಲ. ಒಂಬತ್ತು ವರ್ಷದವಳಿದ್ದಾಗ ಅಪ್ಪನಿಗೆ ಊಟದ ಡಬ್ಬಿ ಕೊಡಲು ಶೆಡ್ಡಿಗೆ ಹೋಗುತ್ತಿದ್ದಳು. ರಿಪೇರಿಯಾದ ಹಲಗೆಯನ್ನು ಪರೀಕ್ಷಿಸಲು ಯಾರಾದರೂ ಈ ಕಡೆಯಿಂದ ಚೆಂಡು ಒದೆಯಬೇಕು, ಅಪ್ಪ ಆ ಕಡೆ ಕಿವಿ ಹಚ್ಚಿ ನಿಲ್ಲಬೇಕು. "ನಾಲ್ಕನೇದಕ್ಕೆ, ಮೊಳಕಾಲೆತ್ತರಕ್ಕೆ." ಅವಳು ಒದೆಯುವಳು. "ಇನ್ನೂ ಒಂದು ಗೇಣು ಮೇಲೆ." ಒದೆಯುವಳು. "ಅಲ್ಲಿಗೇ, ಅಲ್ಲಿಗೇ ಇನ್ನೊಂದ್ಸಲ." ಹೇಳಿದ ಜಾಗಕ್ಕೇ ಬೀಳದಿದ್ದರೆ ಅಪ್ಪನ ಕೆಲಸ ಮುಗಿಯುತ್ತಿರಲಿಲ್ಲ, ಊಟ ಆರಿಹೋಗುತ್ತಿತ್ತು. ಬಲಗಡೆಯಲ್ಲಿ ಯಾವಾಗಲೂ ಉಳಿ, ಗರಗಸ, ಮೊಳೆ ಡಬ್ಬಿ ಹರಡಿಕೊಂಡಿರುತ್ತಿದ್ದುದರಿಂದ ಎಡಗಡೆಯಿಂದ ಓಡಿಬಂದು ಎಡಗಾಲಲ್ಲೇ ಒದೆಯುವುದು ರೂಢಿಯಾಯಿತು. ಹೀಗೆ ಮೂರು ವರ್ಷ ಕಳೆಯಿತು. ಒಂದು ದಿನ ಕೊರಳಿಗೆ ಪೀಪಿ ಕಟ್ಟಿಕೊಂಡ ಒಬ್ಬ ಮನುಷ್ಯ ಬಾಗಿಲಲ್ಲಿ ನಿಂತು ಅರ್ಧ ಗಂಟೆ ನೋಡಿ, "ಬಡಗಿಯವರೇ, ಈ ಎಡಚಿ ಯಾರ ಮಗಳು?" ಎಂದು ಕೇಳಿದ. ಅವನೇ ಕೋಚ್. ಹುಡುಗಿಯರು ಅವನಿಗೆ ಪೀಪಿ ಸಾರ್ ಎಂದು ಹೆಸರಿಟ್ಟಿದ್ದರು. ಇವಳಿಗೆ ಅವನಿಟ್ಟ ಹೆಸರೇ ನಿಂತಿತು.

ಹದಿನೇಳಕ್ಕೆ ಕಂಪನಿಯ ಕಾಗದಕ್ಕೆ ಸಹಿ ಹಾಕಿದಳು. ಕಂಪನಿ ಎಂದರೆ ಗೋಡೆಗೆ ಹೊಡೆಯುವ ಬಣ್ಣದ ಕಾರ್ಖಾನೆ. ಅದರ ಮಾಲೀಕನಿಗೆ ಎರಡು ತಂಡಗಳಿದ್ದವು, ಆರು ತಿಂಗಳು ಒಳಗೆ ಆಡಲು ಒಂದು, ಆರು ತಿಂಗಳು ಹೊರಗೆ ಹುಲ್ಲಿನ ಮೇಲೆ ಆಡಲು ಒಂದು. ಎರಡರಲ್ಲೂ ಆಡುತ್ತಿದ್ದವರು ಮೂವರು ನಾಲ್ವರು ಮಾತ್ರ. ವರ್ಷಕ್ಕೊಂದು ಬಣ್ಣದ ಅಂಗಿ. ಅಂಗಡಿಯಲ್ಲಿ ಯಾವ ಬಣ್ಣ ಓಡುವುದಿಲ್ಲವೋ ಅದನ್ನು ತೊಟ್ಟು ಇವರು ಓಡಬೇಕು ಎಂದು ಹುಡುಗಿಯರು ನಗುತ್ತಿದ್ದರು. ಒಂದು ವರ್ಷ ಹಣ್ಣಾದ ಎಲೆಯ ಹಳದಿ, ಒಂದು ವರ್ಷ ಆಸ್ಪತ್ರೆ ಗೋಡೆಯ ಹಸಿರು. ಆ ಹಸಿರಿನಲ್ಲಿ ಅವಳು ಮೂವತ್ತೊಂದು ಗೋಲು ಹೊಡೆದಳು.

ಒಳಗೆ ಒಂದು ಕಡೆಗೆ ಆರು ಜನ. ಎರಡು ನಿಮಿಷ ಜೀವ ಬಿಟ್ಟು ಓಡಬೇಕು, ಸುಸ್ತಾದರೆ ಹಲಗೆ ಹಾರಿ ಹೊರಗೆ ಬರಬೇಕು. ಬಂದ ಕೂಡಲೇ ಇನ್ನೊಬ್ಬಳು ಹಾರಿ ಒಳಗೆ ಹೋಗುತ್ತಾಳೆ. ಯಾರ ಅಪ್ಪಣೆಯೂ ಬೇಡ. ಹೊರಗಿನ ಆಟ ಬೇರೆ. ಹನ್ನೊಂದು ಜನ, ಕಣ್ಣು ಹಾಯಿಸಿದಷ್ಟು ಹುಲ್ಲು, ಸುತ್ತ ಒಂದು ಬಿಳಿ ಗೆರೆ. ಗೆರೆ ದಾಟಿದ ಚೆಂಡು ತಿರುಗಿ ಬರುವುದಿಲ್ಲ. ಆಟದ ನಡುವೆ ರೆಫರಿಯನ್ನು ಕೇಳದೆ ಆಟಗಾರ್ತಿಯೂ ಗೆರೆ ದಾಟುವಂತಿಲ್ಲ. ದಾಟಿದರೆ ಹಳದಿ ಕಾರ್ಡು. ಎರಡು ಹಳದಿಗೆ ಒಂದು ಕೆಂಪು. ಕೆಂಪು ಬಿದ್ದವಳು ಹೊರಗೆ, ಅವಳ ಜಾಗಕ್ಕೆ ಬೇರೆ ಯಾರೂ ಒಳಗೆ ಹೋಗುವ ಹಾಗಿಲ್ಲ. ಒಳಗಿನಿಂದ ಹೊರಗಿನ ಆಟಕ್ಕೆ ಬಂದ ಮೊದಲ ವಾರ ಎಲ್ಲರಿಗೂ ಕಾಲು ತಬ್ಬಿಬ್ಬು. ಇಲ್ಲದ ಹಲಗೆಗೆ ಚೆಂಡು ಒದ್ದು, ತಿರುಗಿ ಬರುತ್ತದೆಂದು ಕಾಯುತ್ತ ನಿಂತು ಬೈಸಿಕೊಳ್ಳುವವರು ಎಲ್ಲ ತಂಡದಲ್ಲೂ ಇರುತ್ತಾರೆ.

ಹದಿನೇಳು ವರ್ಷ ಹೀಗೇ ಹೋಯಿತು. ಬಸ್ಸಿನ ಅದೇ ಕಿಟಕಿ ಸೀಟು, ನೋವಿನೆಣ್ಣೆಯ ಅದೇ ವಾಸನೆ, ಬಟ್ಟೆ ಬದಲಾಯಿಸುವ ಕೋಣೆಗಳ ಒದ್ದೆ ಸಿಮೆಂಟು, ಮೊಳಕಾಲಿಗೆ ಒಳಗಿನ ನೆಲಹಾಸು ಉಜ್ಜಿದ ಗಾಯ. ಅದು ಮಾಯುವ ಹೊತ್ತಿಗೆ ಹೊರಗಿನ ಆಟದ ಗಾಯ. ಅಮ್ಮ ತೀರಿಕೊಂಡ ವಾರವೂ ಎರಡು ಆಟ ಆಡಿದಳು. ಒಂದರಲ್ಲಿ ಗೋಲು ಹೊಡೆದಳು. ಅದನ್ನು ಹೇಗೆ ಹೊಡೆದೆ ಎಂದು ಯಾರಾದರೂ ಕೇಳಿದರೆ ಅವಳಿಗೆ ನೆನಪಿರುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಗೋಲ್‌ಕೀಪರ್ ಕಿತ್ತಳೆಹಣ್ಣು ಸುಲಿದು ಒಂದೊಂದೇ ತೊಳೆ ಕೈಗಿಟ್ಟದ್ದು ಮಾತ್ರ ನೆನಪಿದೆ.

ಆ ಗೋಲ್‌ಕೀಪರಿಗೆ ಎಲ್ಲರೂ ಬಾಗಿಲು ಎನ್ನುತ್ತಿದ್ದರು. ಅಗಲ ಭುಜ, ದೊಡ್ಡ ಬಾಯಿ. ಅವಳು ಹೊರಗಿನ ತಂಡದವಳು, ಒಳಗೆ ಆಡುತ್ತಿರಲಿಲ್ಲ. "ಆ ಡಬ್ಬಿಯೊಳಗೆ ನಾನು ನಿಂತ್ರೆ ಗೋಲೇ ಕಾಣಲ್ಲ ಕಣೇ, ಎದುರಾಳಿಗೆ ಅನ್ಯಾಯ," ಎನ್ನುತ್ತಿದ್ದಳು. ಹತ್ತು ವರ್ಷದಲ್ಲಿ ಎಡಚಿಗೆ ಇದ್ದ ಗೆಳತಿ ಅವಳೊಬ್ಬಳೇ.

ಐದು ವರ್ಷದ ಹಿಂದೆ, ಶೆಡ್ಡಿನಲ್ಲೇ, ಎದುರಾಳಿಯ ಮೈಭಾರಕ್ಕೂ ಹಲಗೆಗೂ ನಡುವೆ ಎಡಗಾಲು ಸಿಕ್ಕಿಕೊಂಡಿತು. ಮೂಳೆ ಮುರಿಯಿತು, ಬ್ಯಾಂಡೇಜು ಬಿತ್ತು, ಮೂಳೆ ಕೂಡಿತು. ಬ್ಯಾಂಡೇಜು ಬಿಚ್ಚಿದ ದಿನ ಕಿರುಬೆರಳು ಜುಮ್ಮೆನ್ನುತ್ತಿತ್ತು. "ನರಕ್ಕೆ ಪೆಟ್ಟಾಗಿದೆ, ಬರಬಹುದು, ಬರದೇನೂ ಇರಬಹುದು," ಎಂದರು ಆಸ್ಪತ್ರೆಯ ಡಾಕ್ಟರು. ಬರಲಿಲ್ಲ. ಮೊದಲು ಕಿರುಬೆರಳು, ಆಮೇಲೆ ಅದರ ಪಕ್ಕದ್ದು, ಆಮೇಲೆ ಅಂಗಾಲಿನ ಅರ್ಧ. ಕಾಲು ತನ್ನದೇ, ಆದರೆ ನೆಂಟರು ಮರೆತು ಬಿಟ್ಟುಹೋದ ಸಾಮಾನಿನ ಹಾಗೆ. ಎತ್ತಿ ಇಡಬಹುದು, ಉಪಯೋಗಿಸಬಹುದು, ಒಡೆದರೂ ತನ್ನದೆಂದು ಅನ್ನಿಸುವುದಿಲ್ಲ.

ಅವಳು ಕಿವಿಯಿಂದ ಆಡಲು ಕಲಿತಳು. ಚೆಂಡು ಬೂಟಿನ ಎಲ್ಲಿ ತಾಕಿತೆಂದು ಕಾಲು ಹೇಳದಿದ್ದರೆ ಸದ್ದು ಹೇಳುತ್ತಿತ್ತು. ಶೆಡ್ಡಿನ ತಗಡು ಮಾಡಿನ ಕೆಳಗೆ ಎಲ್ಲ ಸದ್ದೂ ಎರಡೆರಡು ಸಲ ಕೇಳುವುದರಿಂದ ಒಳಗಿನ ಆಟಕ್ಕೆ ಏನೂ ಕೊರತೆಯಾಗಲಿಲ್ಲ. ಮೇಲಾಗಿ ಹನ್ನೊಂದನೆಯ ಹಲಗೆ ಇತ್ತು. ಅವಳು ಅದಕ್ಕೆ ಚೆಂಡು ಒದೆಯುವಳು, ಬೇರೆ ಊರಿನ ಹುಡುಗಿಯರು ತಿರುಗಿ ಬರುವ ಚೆಂಡಿಗಾಗಿ ಹಿಂದೆ ಸರಿದು ಕಾಯುವರು, ಚೆಂಡು ಬರುವುದೇ ಇಲ್ಲ, ಅವಳು ನಡೆದು ಹೋಗಿ ತೆಗೆದುಕೊಳ್ಳುವಳು. ಎಡಚಿ ಹಲಗೆಗೆ ಮಂತ್ರ ಹಾಕಿದ್ದಾಳೆ ಎಂದು ಒಮ್ಮೆ ಪೇಪರಿನಲ್ಲೂ ಬಂದಿತ್ತು. ಅಪ್ಪ ಅದನ್ನು ಓದಿ, ಮಡಚಿ, ಗೋಂದಿನ ಡಬ್ಬಿಯ ಕೆಳಗಿಟ್ಟರು.

ವರ್ಷಕ್ಕೊಮ್ಮೆ ಕಂಪನಿಯ ಡಾಕ್ಟರು ಎಲ್ಲರ ಕಾಲು ನೋಡುತ್ತಿದ್ದರು. ಕಣ್ಣು ಮುಚ್ಚಿಸಿ, ಹತ್ತಿಯಿಂದ ಬೆರಳು ಸವರಿ, "ಮುಟ್ಟಿದೆನಾ?" ಎಂದು ಕೇಳುವುದು. ಪಕ್ಕದ ಮಂಚದ ಮೇಲೆ ಸರದಿಗಾಗಿ ಕಾಯುತ್ತ ಕುಳಿತ ಬಾಗಿಲಿಗೆ ಆ ಹೊತ್ತಿಗೆ ಸರಿಯಾಗಿ ಕೆಮ್ಮು ಬರುತ್ತಿತ್ತು. ಹತ್ತಿ ತಾಕಿದಾಗ ಒಂದು ಕೆಮ್ಮು, ತಾಕದಿದ್ದಾಗ ಇಲ್ಲ. "ಆ ಕೆಮ್ಮಿಗೆ ಔಷಧಿ ತಗೋಮ್ಮ," ಎಂದು ಡಾಕ್ಟರು ನಾಲ್ಕು ವರ್ಷವೂ ಚೀಟಿ ಬರೆದುಕೊಟ್ಟರು.

ಮೂರು ತಿಂಗಳ ಹಿಂದೆ ಹೊರಗಿನ ಕೊನೆಯ ಆಟ. ಸಮಬಲವಾದರೂ ಸಾಕಿತ್ತು, ತಂಡ ಮೇಲಿನ ವರ್ಗದಲ್ಲೇ ಉಳಿಯುತ್ತಿತ್ತು. ಸೋತರೆ ಕೆಳಕ್ಕೆ. ಒಂದಕ್ಕೊಂದು ಗೋಲಾಗಿ, ಆರು ನಿಮಿಷ ಉಳಿದಿತ್ತು. ಮೋಡ ಕವಿದಿತ್ತು, ಹುಲ್ಲು ಒದ್ದೆ, ಎಲ್ಲರ ಕಾಲಿಗೂ ಮೊಳಕಾಲವರೆಗೆ ಕೆಸರು. ಯಾರದೋ ಅಂಗಿ ಹಿಡಿದೆಳೆದಿದ್ದಕ್ಕೆ ಎಡಚಿಗೆ ಆಗಲೇ ಒಂದು ಹಳದಿ ಕಾರ್ಡು ಬಿದ್ದಿತ್ತು. ತನ್ನ ಗೋಲಿನ ಹತ್ತಿರ ಒಬ್ಬಳು ಹಿಂದಿನಿಂದ ಹಿಮ್ಮಡಿ ತುಳಿದಳು. ಎಡಚಿ ಮುಗ್ಗರಿಸಿದಳು, ಸಾವರಿಸಿಕೊಂಡು ಓಡಿದಳು, ಮೈದಾನದ ನಡುವೆ ಚೆಂಡು ಸಿಕ್ಕಿದಾಗ ಎಡಗಾಲಲ್ಲಿ ಒದ್ದಳು.

ಸದ್ದು ಬೇರೆಯಾಗಿತ್ತು. ಒದ್ದೆ ಬಟ್ಟೆ ಕಲ್ಲಿನ ಮೇಲೆ ಬಿದ್ದ ಹಾಗೆ.

ಬಗ್ಗಿ ನೋಡಿದಳು. ಬೂಟು ಇರಲಿಲ್ಲ. ಕಪ್ಪು ಕಾಲುಚೀಲ, ಅದರ ತೂತಿನಿಂದ ಹೆಬ್ಬೆರಳು ಹೊರಗೆ ಬಂದಿತ್ತು. ಹಿಂದೆ, ತಮ್ಮ ಗೋಲಿನಿಂದ ಹದಿನೈದು ಹೆಜ್ಜೆ ಈಚೆ, ಬೂಟು ಮಗ್ಗುಲಾಗಿ ಬಿದ್ದಿತ್ತು. ಎಷ್ಟು ಹೊತ್ತಿನಿಂದ ಹೀಗೆ ಓಡುತ್ತಿದ್ದೇನೆ ಎಂದು ಅವಳಿಗೆ ತಿಳಿಯಲಿಲ್ಲ. ಯಾರಾದರೂ ಕಂಡರೆ ಆಟ ನಿಲ್ಲುತ್ತದೆ. ಮಾಲೀಶಿನವಳು ಓಡಿಬರುತ್ತಾಳೆ. ಬೂಟು ಕಳಚಿದ್ದು ನಿನಗೆ ಗೊತ್ತಾಗಲಿಲ್ಲವಾ ಎಂದು ಕೇಳುತ್ತಾರೆ. ಕೇಳಿದವರಿಗೆ ಏನು ಹೇಳುವುದು?

ಅವಳು ನೇರ ಗೆರೆಯ ಕಡೆ ಓಡಿದಳು. ರೆಫರಿಯತ್ತ ತಿರುಗಿಯೂ ನೋಡಲಿಲ್ಲ. ಗೆರೆ ಬಂದಾಗ, ಅಲ್ಲಿ ಹಲಗೆ ಇದೆಯೇನೋ ಎಂಬಂತೆ ಗಾಳಿಯಲ್ಲಿ ಕೈಯೂರಿ, ಕಾಲೆತ್ತಿ ಹಾರಿ, ಬೆಂಚಿನ ಮೇಲೆ ಕುಳಿತು, ಟವೆಲನ್ನು ಪಾದದ ಮೇಲೆ ಹಾಕಿಕೊಂಡಳು. ಮೈದಾನವೆಲ್ಲ ನಕ್ಕಿತು. ಅಷ್ಟು ಜನ ಒಟ್ಟಿಗೆ ನಗುವುದನ್ನು ಅವಳು ಅದೇ ಮೊದಲು ಕೇಳಿದ್ದು. ರೆಫರಿ ಓಡಿಬಂದು ಹಳದಿ ತೋರಿಸಿ, ಅದರ ಹಿಂದೆಯೇ ಕೆಂಪು ತೋರಿಸಿದ.

ತಂಡದಲ್ಲಿ ಹತ್ತು ಜನ ಉಳಿದರು. ಬೂಟು ಅಲ್ಲೇ ಬಿದ್ದಿತ್ತು. ಅದನ್ನು ಕಂಡವಳು ಬಾಗಿಲು ಒಬ್ಬಳೇ. ಚೆಂಡು ಆಚೆ ತುದಿಯಲ್ಲಿದ್ದಾಗ ಅದನ್ನು ಎತ್ತಿಕೊಳ್ಳಲು ಗೋಲು ಬಿಟ್ಟು ಹೊರಗೆ ಬಂದಳು. ಬೂಟಿಗೆ ಇನ್ನು ನಾಲ್ಕು ಹೆಜ್ಜೆ ಇರುವಾಗ ಎದುರಾಳಿಯೊಬ್ಬಳು ದೂರದಿಂದ ಎತ್ತಿ ಹೊಡೆದಳು. ಚೆಂಡು ಬಾಗಿಲಿನ ತಲೆಯ ಮೇಲಿಂದ ನಿಧಾನಕ್ಕೆ ಹೋಗಿ, ಒಂದು ಪುಟ ನೆಗೆದು, ಖಾಲಿ ಗೋಲಿನೊಳಗೆ ಬಿತ್ತು. ಬಾಗಿಲು ಮುಂದೆ ಹೋಗಿ ಬೋರಲು ಬಿದ್ದಳು. ಎಲ್ಲರೂ ಅವಳು ಅಳುತ್ತಿದ್ದಾಳೆಂದುಕೊಂಡರು. ಅವಳು ಅಂಗಿಯೊಳಗೆ ಬೂಟು ತುರುಕಿಕೊಳ್ಳುತ್ತಿದ್ದಳು.

ಮರುದಿನ ಪೇಪರಿನಲ್ಲಿ ಎಡಚಿ ಗಾಳಿಯಲ್ಲಿ ಕೈಯೂರಿ ಹಾರುವ ಫೋಟೋ ಬಂತು. ಕೆಳಗೆ, ಇಲ್ಲದ ಹಲಗೆ ಹಾರಿದ ಎಡಚಿ ಎಂದು ಬರೆದಿದ್ದರು. ಅಂಗಡಿ, ಬಸ್ ನಿಲ್ದಾಣ, ಎಲ್ಲಿ ಹೋದರೂ ಯಾರಾದರೊಬ್ಬರು ಗಾಳಿಯಲ್ಲಿ ಕೈಯೂರಿ ತೋರಿಸುತ್ತಿದ್ದರು. ಅವಳು ನಗುತ್ತಿದ್ದಳು. ಹದಿನೇಳು ವರ್ಷದ ಚಟ ನೋಡಿ, ಎನ್ನುತ್ತಿದ್ದಳು. ಒಳಗೆ ಏನೂ ಆಗುತ್ತಿರಲಿಲ್ಲ. ನಾಚಿಕೆಯಾದರೂ ಆಗಬೇಕಿತ್ತು ಎಂದು ಕಾದಳು. ಅದೂ ಬರಲಿಲ್ಲ. ತಂಡ ಕೆಳಗಿಳಿಯಿತೆಂದು ಮಾಲೀಕ ಹೊರಗಿನ ತಂಡವನ್ನೇ ಮುಚ್ಚಿದ. ಬಾಗಿಲು ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು.

ಎರಡು ವಾರದ ಮೇಲೆ ಒಂದು ಮಧ್ಯಾಹ್ನ ಅವಳು ಎಡಚಿಯ ಮನೆಗೆ ಬಂದಳು, ಕೈಯಲ್ಲಿ ಅಂಗಡಿಯ ರಟ್ಟಿನ ಪೆಟ್ಟಿಗೆ. ಒಳಗೆ ಬೂಟಿತ್ತು. ಕೆಸರು ತೊಳೆದು, ಪಾಲಿಶ್ ಹಾಕಿ, ಹೊಸ ಲೇಸು ಪೋಣಿಸಿದ್ದಳು.

"ಹೇಗಿದೆಯೇ ಕೆಲ್ಸ?"

"ಏನು ಹೇಳ್ಲಿ. ಹತ್ತು ವರ್ಷ ಯಾರ ಮುಂದೂ ತಲೆ ಬಗ್ಗಿಸ್ದೋಳು ಈಗ ದಿನಕ್ಕೆ ಐವತ್ತು ಜನರ ಕಾಲು ಹಿಡೀತಿದ್ದೀನಿ," ಎಂದು ಬಾಗಿಲು ನಕ್ಕಳು. "ಪಕ್ಕದ ಊರಿನ ತಂಡದವರು ಕರೆದಿದ್ರು. ಚೆಂಡು ಚೆನ್ನಾಗೇ ಹಿಡಿದೆ. ಕೊನೇಲಿ ಅವರ ಕೋಚಮ್ಮ ಕೇಳಿದ್ಲು, ಆ ದಿನ ಗೋಲು ಬಿಟ್ಟು ಯಾಕೆ ಆಚೆ ಬಂದಿದ್ದೆ ಅಂತ."

"ಏನಂದೆ?"

"ಬಿಸಿಲು ಕಣ್ಣಿಗೆ ಹೊಡೀತು ಅಂದೆ."

"ಮೋಡ ಇತ್ತಲ್ಲೇ."

"ಅವಳೂ ಅದೇ ಅಂದ್ಲು."

ಶೆಡ್ಡಿನಿಂದ ಧಡ್, ಧಡ್ ಎಂದು ಕೇಳುತ್ತಿತ್ತು. ಎಡಚಿ ಬೂಟನ್ನು ತಿರುವಿ ನೋಡಿದಳು.

"ನಿಜ ಹೇಳ್ಬಿಡೋದಲ್ವಾ?"

"ಹೇಳಿದ್ರೆ ನೀನು ಮನೇಲಿ ಕೂತ್ಕೋತೀಯ. ನಾನಂತೂ ಅಂಗಡೀಲಿ ಕೂತಾಯ್ತು. ಇಬ್ರೂ ಕೂತ್ರೆ ಆಡೋರು ಯಾರು?" ಬಾಗಿಲು ಎದ್ದು ನಿಂತಳು. "ಮುಂದಿನ ಡಾಕ್ಟರ ಪರೀಕ್ಷೆಗೆ ಕೆಮ್ಮೋರನ್ನ ಈಗ್ಲೇ ಹುಡುಕ್ಕೋ. ನಾನು ಬರೋ ಹಾಗಿಲ್ಲ." ಅದನ್ನೂ ನಗುತ್ತಲೇ ಹೇಳಿ ಹೋದಳು. ಅವಳ ಮೇಲೆ ಕನಿಕರ ಬರಬೇಕಿತ್ತು. ಎಡಚಿ ಪೆಟ್ಟಿಗೆಯ ಮುಚ್ಚಳ ಹಾಕಿ ಮಂಚದ ಕೆಳಗೆ ತಳ್ಳಿದಳು.

ಕಾಗದಕ್ಕೆ ನಾಲ್ಕು ದಿನ ಉಳಿದಿದ್ದ ಆ ಬೆಳಿಗ್ಗೆ, ಅವಳು ಹಾಸಿಗೆಯಿಂದ ಎದ್ದು, ಮುಖ ತೊಳೆದು, ಟೀ ಮಾಡಿ ಅಪ್ಪನಿಗೆ ಕೊಟ್ಟಳು. ಅಪ್ಪ ಹೊರಕೋಣೆಯ ನೆಲದ ಮೇಲೆ ಮರದ ಪಟ್ಟಿ ಅಳೆಯುತ್ತಿದ್ದರು. ಮೊಳೆ ಡಬ್ಬಿ ಬಾಯಿ ತೆರೆದುಕೊಂಡಿತ್ತು. ಅವಳು ಅವರ ಪಕ್ಕದಿಂದ ಸುತ್ತಿ ಅಡುಗೆಮನೆಗೆ ಹೋದಳು, ಬಂದಳು, ಬಟ್ಟೆ ಒಣಹಾಕಿದಳು, ಮತ್ತೆ ಬಂದಳು.

"ಏನೇ ಇದು, ಕಂಪನಿ ಬಣ್ಣ ಮನೆಗೂ ತಂದ್ಯಾ?" ಎಂದರು ಅಪ್ಪ ನೆಲ ನೋಡುತ್ತ.

ನೆಲದ ಮೇಲೆ ಕೆಂಪು ಚುಕ್ಕೆಗಳು. ಹೊರಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿಂಬಾಗಿಲಿಗೆ, ಹಿಂಬಾಗಿಲಿನಿಂದ ಅವಳು ನಿಂತ ಜಾಗಕ್ಕೆ. ಅಪ್ಪ ಚುಕ್ಕೆಗಳ ಜಾಡು ಹಿಡಿದು ಹೋಗಿ, ತಿರುಗಿ ಬಂದು, ಅವಳ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. "ಕಾಲೆತ್ತು," ಎಂದರು. ಅಂಗಾಲಿನಲ್ಲಿ ಒಂದಂಗುಲದ ಮೊಳೆ ಪೂರಾ ಇಳಿದು ತಲೆ ಮಾತ್ರ ಹೊರಗಿತ್ತು.

ಅಪ್ಪ ಇಕ್ಕಳ ತಂದರು. ಮೊಳೆ ಕಿತ್ತರು. ಅವಳು ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ನೋಡುತ್ತಿದ್ದಳು. ಅಪ್ಪ ರಕ್ತ ಒರೆಸಿ, ಬಟ್ಟೆ ಕಟ್ಟಿದರು, ಆದರೆ ಏಳಲಿಲ್ಲ.

"ಕಣ್ಮುಚ್ಚು."

ಮುಚ್ಚಿದಳು. ಅಪ್ಪನ ಗೆಣ್ಣು ಬಲಗಾಲ ಹೆಬ್ಬೆರಳಿಗೆ ಟಕ್ಕೆಂದು ತಾಕಿತು.

"ಇದು?"

"ಹೂಂ."

"ಇದು?"

ಏನೂ ತಿಳಿಯಲಿಲ್ಲ. ತಿಳಿಯಲಿಲ್ಲವಾದ್ದರಿಂದ ಎಡಗಾಲೇ ಇರಬೇಕು ಎಂದು ಲೆಕ್ಕ ಹಾಕಿ "ಹೂಂ" ಎಂದಳು.

"ಇದು?"

"ಹೂಂ."

"ನಾನು ಮುಟ್ಲೇ ಇಲ್ಲ," ಎಂದರು ಅಪ್ಪ.

ಅವಳು ಕಣ್ಣು ತೆರೆದಳು. ಅಪ್ಪನ ಎರಡೂ ಕೈ ಅವರ ಮೊಳಕಾಲ ಮೇಲಿದ್ದವು.

"ಎಷ್ಟು ದಿನದಿಂದ?"

"ಐದು ವರ್ಷ."

"ಆ ದಿನ ಹುಲ್ಲಿನ ಮೇಲೆ?"

"ಬೂಟು ಕಳಚಿತ್ತು. ಗೊತ್ತಾಗ್ಲಿಲ್ಲ. ಜನ ನೋಡೋಕೆ ಮೊದ್ಲು ಹೊರಗೆ ಬಂದೆ." ಕಟ್ಟಿದ ಬಟ್ಟೆಯನ್ನು ನೋಡುತ್ತ, "ಆ ಬೂಟು ಎತ್ಕೊಳ್ಳೋಕೇ ಬಾಗಿಲು ಗೋಲು ಬಿಟ್ಟು ಬಂದಿದ್ದು," ಎಂದಳು.

ಅಪ್ಪ ಇಕ್ಕಳವನ್ನು ಅದರ ಜಾಗದಲ್ಲಿಟ್ಟರು. ಮೊಳೆಯನ್ನು ಒರೆಸಿ ಡಬ್ಬಿಗೆ ಹಾಕಿದರು. ಟೀ ಆರಿಹೋಗಿತ್ತು, ಅದನ್ನೇ ಕುಡಿದರು. ಬೈಯುತ್ತಾರೆಂದು ಅವಳು ಕಾದಳು. ಅವರು ಮರದ ಪಟ್ಟಿಯನ್ನು ಕೈಗೆತ್ತಿಕೊಂಡು ಅದರ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಕುಳಿತರು.

"ಹನ್ನೊಂದನೇದು ಕೆಟ್ಟಿದ್ದು ನೀರು ಸೋರಿ. ಅರ್ಧ ದಿನದ ಕೆಲ್ಸ," ಎಂದರು ಕೊನೆಗೆ. "ನೀನು ಅದಕ್ಕೆ ಹೊಡೆದು ಗೋಲು ಮಾಡಿದ್ದು ನೋಡ್ದೆ. ಇರ್ಲಿ ಬಿಡು ಅಂದ್ಕೊಂಡೆ. ಬೆನ್ನಿಗೆ ಗೆರೇನೂ ಎಳೀಲಿಲ್ಲ. ಹತ್ತು ವರ್ಷ."

"ಗೊತ್ತು," ಎಂದಳು ಎಡಚಿ.

"ಗೊತ್ತಿತ್ತಾ?"

"ಅರ್ಧ ದಿನದ ಕೆಲ್ಸಾನ ಬೇರೆ ಎಲ್ಲಿ ಹತ್ತು ವರ್ಷ ಎಳೆದಿದ್ದೀರಿ ನೀವು?"

ಅಪ್ಪ ತಲೆಯಾಡಿಸಿದರು. ಪಟ್ಟಿಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿದರು.

ನಾಲ್ಕನೆಯ ದಿನ ಅವಳು ಶೆಡ್ಡಿಗೆ ಹೋದಾಗ ಅಪ್ಪ ಆಗಲೇ ಹಲಗೆಗಳ ಹಿಂದೆ ಇದ್ದರು, ಕಾಣುತ್ತಿರಲಿಲ್ಲ, ಸುತ್ತಿಗೆಯ ಸದ್ದು ಮಾತ್ರ ಬರುತ್ತಿತ್ತು. ಹುಡುಗಿಯರು ಅಂಕಣದಲ್ಲಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಪೀಪಿ ಸಾರ್ ಬೆಂಚಿನ ಮುಂದೆ, ಅಂಕಣದ ಒಳಗೆ, ಕಾಗದ ಹಿಡಿದು ನಿಂತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಅವನ ಕೂದಲು ಬೆಳ್ಳಗಾಗಿತ್ತು. ಪೀಪಿಯ ದಾರ ಮಾತ್ರ ಅದೇ.

"ಬಾರಮ್ಮ ಬಾ. ನೋಡ್ರೇ, ಬಾಗಿಲಿಂದ ಬಂದ್ಲು! ನಾನು ಗಾಳಿಯಿಂದ ಹಾರಿ ಬರ್ತಾಳೆ ಅಂದ್ಕೊಂಡಿದ್ದೆ," ಎಂದು ಕೈಯೂರಿ ತೋರಿಸಿದ. ಹುಡುಗಿಯರು ನಕ್ಕರು. ಎಡಚಿಯೂ ನಕ್ಕಳು.

ಸುತ್ತಿಗೆಯ ಸದ್ದು ನಿಂತಿತು. ಹಲಗೆಯ ಹಿಂದಿನಿಂದ ಅಪ್ಪನ ದನಿ: "ಯಾರಾದ್ರೂ ಇದಕ್ಕೊಂದು ಹೊಡೀರಿ. ಮೊಳಕಾಲೆತ್ತರಕ್ಕೆ."

ಹೊಸ ಹುಡುಗಿ ಬಲಗಾಲಲ್ಲಿ ಒದ್ದಳು. ಹನ್ನೊಂದನೆಯ ಹಲಗೆ ಧಡ್ ಎಂದಿತು. ಚೆಂಡು ತಿರುಗಿ ಬಂದು ಅವಳನ್ನೂ ದಾಟಿ ಆಚೆ ತುದಿಗೆ ಹೋಯಿತು.

"ಅಯ್ಯೋ, ನಿಮ್ಮಪ್ಪ ಹಲಗೆ ಸರಿ ಮಾಡ್ಬಿಟ್ರಲ್ಲೇ!" ಎಂದ ಪೀಪಿ ಸಾರ್. ಅವನು ನಿಜಕ್ಕೂ ಬೇಸರಪಟ್ಟುಕೊಂಡ. "ಇರ್ಲಿ. ನಿನಗೇನು ಅದು ಬೇಕಾಗಿಲ್ಲ. ತಗೋ, ಇಲ್ಲಿ ಹಾಕು."

ಅವಳು ಪೆನ್ನು ತೆಗೆದುಕೊಂಡಳು. ಮೂರನೆಯ ಸಾಲನ್ನು ಓದಿದಳು. ಪೆನ್ನನ್ನು ಕಾಗದದ ಮೇಲೆ ಅಡ್ಡಲಾಗಿಟ್ಟು ಅವನ ಕೈಗೇ ಕೊಟ್ಟಳು.

"ಸಾರ್, ಆ ದಿನ ನಾನು ಮರೆತು ಹೊರಗೆ ಬಂದಿದ್ದಲ್ಲ."

"ಮತ್ತೆ?"

"ಬೂಟು ಕಳಚಿತ್ತು. ನನಗೆ ತಿಳೀಲಿಲ್ಲ. ಎಡಗಾಲಲ್ಲಿ ಐದು ವರ್ಷದಿಂದ ಏನೂ ತಿಳಿಯಲ್ಲ. ಆ ಬೂಟು ಬಚ್ಚಿಡೋಕೆ ಬಂದು ಬಾಗಿಲು ಗೋಲು ಬಿಟ್ಟಿದ್ದು. ಬಿಸಿಲೂ ಅಲ್ಲ, ಏನೂ ಅಲ್ಲ." ಪಾಠ ಒಪ್ಪಿಸುವವಳ ಹಾಗೆ, ಒಂದೇ ದನಿಯಲ್ಲಿ ಹೇಳಿದಳು.

ಹುಡುಗಿಯರು ಒಬ್ಬೊಬ್ಬರಾಗಿ ನಿಂತರು. ಚೆಂಡೊಂದು ತಾನಾಗಿಯೇ ಉರುಳಿಹೋಗಿ ಹಲಗೆಗೆ ತಾಕಿ ನಿಂತಿತು. ಪೀಪಿ ಸಾರ್ ಅವಳ ಕಾಲು ನೋಡಿದ, ಮುಖ ನೋಡಿದ, ಹುಡುಗಿಯರ ಕಡೆ ಬೆನ್ನು ಮಾಡಿ ದನಿ ತಗ್ಗಿಸಿದ.

"ನಾನು ಕೇಳಿಸ್ಕೊಳ್ಲಿಲ್ಲ. ನೀನೂ ಹೇಳ್ಲಿಲ್ಲ ಅಂದ್ಕೋ."

"ಬಾಗಿಲನ್ನ ಪಕ್ಕದ ಊರಿನವರು ತಗೊಳ್ಲಿಲ್ಲ ಸಾರ್. ನೀವು ಅವರ ಕೋಚಮ್ಮಂಗೆ ಒಂದು ಫೋನ್ ಮಾಡಿ ಹೇಳ್ಬೇಕು."

"ಮಾಡೋಣ, ಮಾಡೋಣ. ಅವಳ ಮಾತು ಆಮೇಲೆ. ನೋಡು, ಒಳಗಿನ ಆಟಕ್ಕೆ ನಿನಗೆ ಕಾಲು ಯಾಕಮ್ಮ? ಕಿವಿ ಸಾಕು. ಐದು ವರ್ಷ ಆಡಿಲ್ವಾ? ಯಾರಿಗೆ ಗೊತ್ತಾಯ್ತು? ಡಾಕ್ಟರನ್ನ ನಾನು ನೋಡ್ಕೋತೀನಿ. ಇನ್ನೊಂದೇ ಒಂದು ವರ್ಷ."

ಇನ್ನೊಂದು ವರ್ಷ ಎನ್ನುವಾಗ ತನ್ನೊಳಗೆ ಏನಾದರೂ ಅಲುಗುತ್ತದೇನೋ ಎಂದು ಅವಳು ಕಿವಿಗೊಟ್ಟಳು. ಹೊರಗೆ ಅಪ್ಪ ಗೆಣ್ಣಿನಿಂದ ಹಲಗೆ ಬಡಿಯುತ್ತ ಮುಂದೆ ಹೋಗುತ್ತಿದ್ದರು. ಹನ್ನೆರಡು, ಹದಿಮೂರು, ಹದಿನಾಲ್ಕು. ಆ ಸದ್ದು ಚೆನ್ನಾಗಿ ಕೇಳುತ್ತಿತ್ತು.

ಅವಳು ಹಲಗೆಯ ಹತ್ತಿರ ಹೋಗಿ ಅದರ ಮೇಲೆ ಅಂಗೈ ಊರಿದಳು. ಈ ಸಲ ಕೈಗೆ ಮರ ಸಿಕ್ಕಿತು.

"ಏಯ್, ಎಲ್ಲಿಗೇ? ಮಾತಾಡ್ತಿದ್ದೀನಲ್ಲ!"

"ಕೇಳ್ದೆ ಹೋದ್ರೆ ಕಾರ್ಡು ಕೊಡ್ತಾರೆ ಅಂತ ಇವತ್ತು ಕೇಳೋಕೇ ಬಂದೆ ಸಾರ್," ಎಂದಳು ಎಡಚಿ. ಬಲಗಾಲನ್ನು ಆಚೆ ಹಾಕಿದಳು. ಎಡಗಾಲನ್ನು ಕೈಯಿಂದಲೇ ಎತ್ತಿ, ಬಗ್ಗಿ ನೋಡಿ, ಅದರ ಪಕ್ಕಕ್ಕೆ ಇಟ್ಟಳು. "ಆದ್ರೆ ಒಳಗಿನ ಆಟದಲ್ಲಿ ಯಾರನ್ನೂ ಕೇಳ್ಬೇಕಾಗಿಲ್ಲ ಅಂತ ನೀವೇ ಅಲ್ವಾ ಹೇಳ್ಕೊಟ್ಟಿದ್ದು, ಅದಕ್ಕೇ ನಾನು ಈಗ ಚಪ್ಪಲಿ ಅಂಗಡಿ ಕಡೆ ಹೋಗಿ ಅವಳಿಗೆ, ನಿಜ ಹೇಳ್ಬಿಟ್ಟೆ ಅಂತ..." ಎನ್ನುತ್ತ, ಮಾತು ಮುಗಿಸದೆ, ಅಪ್ಪ ಬಡಿಯುತ್ತ ಹೋದ ಹಲಗೆಗಳ ಪಕ್ಕದಲ್ಲೇ ನಡೆದು ಹೋದಳು.